ಉಳಿದಿದ್ದ ಒಂದು ಹಾಳೆ

ಹೊಳೆವ್ವ ಸತ್ತ ಮಗನ ಬೆರಳ ತುದಿಗಳಿಗೆ ಸೀಗೆಪುಡಿ ಹಚ್ಚಿ ತಿಕ್ಕುತ್ತಿದ್ದಳು. ಬೆಳ್ಳಿಯಂಥ ಕಲೆ ಹೋಗುತ್ತಿರಲಿಲ್ಲ.

"ಸಾಕ ಬಿಡಬೇ ಯಕ್ಕಾ, ಮಣ್ಣಿಗೆ ಹೊತ್ತಾತು," ಎಂದ ತಮ್ಮ ಮುದಕಪ್ಪ.

"ಇದೇನ ಹತ್ತೈತೋ ನನ್ನ ಮಗನ ಕೈಗೆ?"

ಮುತ್ತಪ್ಪ ಜಮಖಂಡಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ. ನಿನ್ನೆ ಪ್ರಯೋಗಾಲಯದಲ್ಲೇ ಎದೆ ಹಿಡಿದುಕೊಂಡು ಕುಸಿದಿದ್ದ. ನಲವತ್ತೆಂಟು ವಯಸ್ಸು. ಆಗ ಜೊತೆಗಿದ್ದವಳು ಅವನ ಹಳೆಯ ವಿದ್ಯಾರ್ಥಿನಿ, ಈಗ ಅಲ್ಲೇ ಕಲಿಸುವ ಶೈಲಾ. ಅವಳು ಮುದುಕಿಯ ಪಕ್ಕ ಕುಳಿತಳು.

"ಬೆಳ್ಳಿ ಬಣ್ಣರಿ ಆಯಿ. ವಾಯರ್ ಹಚ್ಚಾಕ ಪ್ಲಾಸ್ಟಿಕ್ ಹಾಳಿಗೆ ಬಳೀತಿದ್ರು. ಆ ಹಾಳ್ಯಾಗ ಕಣ್ಣಿಗೆ ಕಾಣದ ಉದ್ದುದ್ದ ಎಳಿ ಇರ್ತಾವ. ಕರೆಂಟ್ ಕೊಟ್ಟರ ಒಂದ ಕಡೆ ತಿರುಗ್ತಾವ, ತೆಗೆದರ ಮೊದಲಿನಂಗ ಆಗ್ತಾವ. ಗಿಡದಂಗ ಮೈಗೆ ಟೊಂಗಿ ಇರೋ ಎಳಿ ತೊಡರಿಕೊಂಡು ತಡಾ ಮಾಡ್ತಾವ. ಎಷ್ಟ ತಡಾ ಅಂತ ಸರ್ ಅಳೀತಿದ್ರು."

"ಅಷ್ಟಕ್ಕ ಹನ್ನೊಂದ ವರ್ಷ?"

ಶೈಲಾ ಹೌದೆಂದು ತಲೆಯಾಡಿಸಿದಳು. ಹೊಳೆವ್ವ ಆ ಕೈಯನ್ನು ಮಡಿಲಲ್ಲಿಟ್ಟುಕೊಂಡಳು.

"ಕಂಬಳಿಗೆ ನೂಲೋವಾಗ ಉಣ್ಣಿ ಎಳಿ ತೊಡರಿದ್ರ ನಾನೂ ಜಗ್ಗಂಗಿಲ್ಲವಾ. ಒಂದೊಂದ ಬಿಡಸ್ತೇನಿ."

*

ಐದು ವರ್ಷಗಳ ಹಿಂದೆ, ಪಿಎಚ್.ಡಿ. ಪ್ರಬಂಧ ಒಪ್ಪಿಸಲು ಹದಿನೈದು ದಿನವಿದ್ದಾಗ, ಮುತ್ತಪ್ಪ ಹಳೆಯ ಹಾಳೆಯೊಂದನ್ನು ಒಣಗಿಸಿ ಮತ್ತೆ ತೂಗಿದ್ದ. ತೂಕ ಇಳಿದಿತ್ತು.

"ಶೈಲಾ, ಇವು ನೀರು ಕುಡದಾವ. ನಾವು ಅಳದದ್ದು ಎಳಿ ಅಲ್ಲ, ಮಳಿಗಾಲದ ತೇವ."

"ಯಾರ ನೋಡ್ತಾರ್ರಿ ಸರ್?"

"ನಾ ನೋಡೀನಲ್ಲ."

ಆರು ವರ್ಷದ ಅಂಕಿಗಳ ಮೇಲೆ ಪುಟಪುಟಕ್ಕೂ ಗೀಟು ಎಳೆದ. ಬಡ್ತಿ ಬೇರೆಯವರಿಗೆ ಹೋಯಿತು. ಹೆಂಡತಿ ಅಂಜನಾ ತಿಂಗಳುಗಟ್ಟಲೆ ಮಾತು ಬಿಟ್ಟಳು. ಅವನು ಮೊದಲ ಹಾಳೆಯಿಂದ ಮತ್ತೆ ಶುರುಮಾಡಿದ.

*

ಮಣ್ಣು ಮುಗಿಸಿ ಬಂದ ಮೇಲೆ ಅಂಜನಾ ಶೈಲಾಳನ್ನು ಹಿತ್ತಲಿಗೆ ಕರೆದಳು.

"ಆವತ್ತ ನೀನರ ತಡೀಬೇಕಿತ್ತು. ಒಪ್ಪಿಸಿದ್ರ ಇಷ್ಟ ದಣೀತಿದ್ದಿಲ್ಲ."

"ಹೇಳಿದ್ದೆರಿ ಅಕ್ಕಾರ."

"ಮತ್ತ ಯಾಕ ಕೇಳಲಿಲ್ಲ ಅವರು?" ಬೆಳಗಿನಿಂದ ಅಳದಿದ್ದವಳು ಗೋಡೆಗೆ ಹಣೆಯಿಟ್ಟು ಅತ್ತಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು, "ಇನ್ನೆಷ್ಟ ಉಳದಿತ್ತು?"

"ಒಂದ ಹಾಳಿ."

ಅಂಜನಾ ಗಂಡನ ಜೇಬಿನಲ್ಲಿ ಸಿಕ್ಕಿದ್ದ ಪ್ರಯೋಗಾಲಯದ ಕೀಲಿಯನ್ನು ಅವಳ ಅಂಗೈಗೆ ಒತ್ತಿದಳು. "ಹೋಗಿ ಮುಗಸು."

ಮುತ್ತಪ್ಪನ ಊರು ಚಿಮ್ಮಡದಿಂದ ಜಮಖಂಡಿಗೆ ಬಸ್ಸು ಹಿಡಿದು ಶೈಲಾ ಪ್ರಯೋಗಾಲಯ ಮುಟ್ಟಿದಾಗ ಸಂಜೆ ಐದಾಗಿತ್ತು. ಹಾಳೆ ಕಾಯಿಸುವ ವಿದ್ಯುತ್ ಒಲೆಪೆಟ್ಟಿಗೆ ನಿನ್ನೆಯಿಂದ ಅದೇ ಕಾವಿನಲ್ಲಿ ಉರಿಯುತ್ತಿತ್ತು. ಕೊನೆಯ ಹಾಳೆ ಒಳಗಿತ್ತು. ಯಾವಾಗಲೂ ಒಬ್ಬರು ಅಂಕಿ ಓದಿದರೆ ಇನ್ನೊಬ್ಬರು ಬರೆದುಕೊಳ್ಳುತ್ತಿದ್ದರು. ಅವಳು ಮೀಟರಿಗೆ ಬಾಗಿದಳು.

"ಸೊನ್ನೆ ಪಾಯಿಂಟ್ ನಾಲ್ಕು ಏಳು," ಎಂದು ಗಟ್ಟಿಯಾಗಿ ಓದಿದಳು.

ಮೇಜಿನ ಆಚೆ ಬದಿಗೆ, ಮುತ್ತಪ್ಪ ಕೂರುತ್ತಿದ್ದಲ್ಲಿ, ಖಾಲಿ ಪುಟದ ಮೇಲೆ, ಮುಚ್ಚಳ ತೆಗೆದ ಪೆನ್ನು ಬಿದ್ದಿತ್ತು.

ಅವಳು ಇನ್ನೊಮ್ಮೆ ಓದಿದಳು.