ಕಡಲಿನ ನಡುವೆ ಜೇನುಗೂಡು

ನಮ್ಮ ದೊಡ್ಡಪ್ಪನ ಕೋಟು ಯಾರ ಆಸರೆಯೂ ಇಲ್ಲದೆ ತಾನೇ ನೆಟ್ಟಗೆ ನಿಲ್ಲುತ್ತಿತ್ತು. ಪುಸ್ತಕ ಕಟ್ಟುವ ಅವರ ವೃತ್ತಿಯ ಅಂಟು ವರ್ಷಗಟ್ಟಲೆ ಅದರ ತೋಳಿಗೂ ಎದೆಗೂ ಹತ್ತಿ, ಒಣಗಿ, ಮತ್ತೆ ಹತ್ತಿ, ಬಟ್ಟೆಯೇ ರಟ್ಟಾಗಿಬಿಟ್ಟಿತ್ತು. ಸಂಜೆ ಅದನ್ನು ಬಿಚ್ಚಿ ಮೂಲೆಯಲ್ಲಿಟ್ಟರೆ ತಲೆಯಿಲ್ಲದ ಇನ್ನೊಬ್ಬ ದೊಡ್ಡಪ್ಪ ಅಲ್ಲಿ ನಿಂತಂತೆ ಕಂಡು ಮಕ್ಕಳಾದ ನಾವು ಕಿರುಚಿ ನಗುತ್ತಿದ್ದೆವು. ದೊಡ್ಡಮ್ಮ ಅದನ್ನು ಒಗೆಯುವ ಆಸೆಯನ್ನು ಎಂದೋ ಕೈಬಿಟ್ಟಿದ್ದರು. "ಒಗೆದ್ರೆ ಕೋಟು ಹೋಗುತ್ತೆ, ಕೊಳೆ ಉಳಿಯುತ್ತೆ" ಅನ್ನುತ್ತಿದ್ದರು.

ಬಗಲಲ್ಲಿ ಕಾಗದದ ಕಟ್ಟು ಇಲ್ಲದಾಗಲೂ ಇದೆಯೆಂಬಂತೆ ತೋಳುಗಳನ್ನು ಮೈಗೆ ಒತ್ತಿಕೊಂಡು, ಪುಟ್ಟ ಪುಟ್ಟ ಹೆಜ್ಜೆಯಿಟ್ಟು ನಡೆಯುವವರು ಅವರು. ಯಾವ ಮಾತಿಗೂ ಮೊದಲು "ಇರಲಿ ಬಿಡು" ಎನ್ನುವವರು. ಶುಭವಾರ್ತೆಗೂ ಇರಲಿ ಬಿಡು, ಸೂರು ಸೋರಿದರೂ ಇರಲಿ ಬಿಡು. ಆದರೆ ಅವರ ನಿಜವಾದ ಹಟ ಬೇರೆಯೇ ಇತ್ತು: ಯಾವ ಮಗುವಿಗೂ ಅವರು "ಓದು" ಎಂದು ಹೇಳುತ್ತಿರಲಿಲ್ಲ. ಊರಿಗೆ ಊರೇ ಆ ಒಂದು ಕ್ರಿಯಾಪದವನ್ನು ನಮ್ಮ ತಲೆಯ ಮೇಲೆ ಕುಟ್ಟುತ್ತಿದ್ದ ಕಾಲದಲ್ಲಿ, ನೆಲದಿಂದ ಮಾಡಿನವರೆಗೆ ಪುಸ್ತಕ ತುಂಬಿದ್ದ ಅವರ ಅಂಗಡಿಯೇ ನಮಗೆ ವಿಶ್ರಾಂತಿಧಾಮವಾಗಿತ್ತು. ರಜೆ ಬಂತೆಂದರೆ ನಾನೂ ತಂಗಿಯೂ ಅಲ್ಲೇ. ಅಚ್ಚಿನ ಮನೆಯಿಂದ ಬಂದ ದೊಡ್ಡ ಹಾಳೆಯನ್ನು ಹದಿನಾರು ಪುಟಗಳ ಒಂದು ಫಾರಂ ಆಗುವಂತೆ ಮಡಿಸಿ, ಫಾರಂಗಳನ್ನು ಸಾಲಾಗಿ ಗುಡ್ಡೆ ಹಾಕಿ, ಮೇಜಿನ ಸುತ್ತ ನಡೆಯುತ್ತ ಒಂದೊಂದು ಗುಡ್ಡೆಯಿಂದ ಒಂದೊಂದನ್ನು ಎತ್ತಿಕೊಂಡರೆ ಹೊಲಿಗೆಗೆ ಪುಸ್ತಕ ಸಿದ್ಧ.

ಆ ವರ್ಷ ಮಾತ್ರ ತಂಗಿಯ ಪಾಲಿಗೆ ರಜೆ ರಜೆಯಾಗಿರಲಿಲ್ಲ. ಅಕ್ಷರಗಳು ಅವಳಿಗೆ ಗೊತ್ತಿದ್ದವು. ಸಾಲಾಗಿ ನಿಂತರೆ ಹೆದರಿಸುತ್ತಿದ್ದವು. ಶಾಲೆ ತೆರೆದ ದಿನ ಒಂದು ಪುಟವನ್ನು ಗಟ್ಟಿಯಾಗಿ ಓದಿ ತೋರಿಸದಿದ್ದರೆ ಅದೇ ತರಗತಿಯಲ್ಲಿ ಮತ್ತೊಂದು ವರ್ಷ ಎಂದು ಮೇಷ್ಟರು ಖಡಾಖಂಡಿತವಾಗಿ ಹೇಳಿದ್ದರು. ಅಮ್ಮ ದಿನಾ ಪಾಠದ ಪುಸ್ತಕ ಹಿಡಿದು ಕೂರಿಸುವಳು, ಇವಳು ಕಣ್ಣೀರಿಡುವಳು, ಕೊನೆಗೆ ಇಬ್ಬರೂ ಅಳುವರು. "ನೀವಾದ್ರೂ ಅವಳಿಗೆ ಒಂದು ಮಾತು ಹೇಳಿ ಭಾವ" ಎಂದು ಅಮ್ಮ ಅಂಗಲಾಚಿದಾಗಲೂ ದೊಡ್ಡಪ್ಪ ಹೇಳಿದ್ದು ಅದೇ: "ಇರಲಿ ಬಿಡಮ್ಮ." ಅಮ್ಮ ನೊಂದುಕೊಂಡು ಕೆಲವು ದಿನ ಆ ಕಡೆ ತಲೆಯನ್ನೇ ಹಾಕಲಿಲ್ಲ.

ಆಗ ಅಂಗಡಿಯಲ್ಲಿ ಒಂದೇ ಅಳತೆಯ ಎರಡು ಪುಸ್ತಕಗಳ ಕೆಲಸ ಒಟ್ಟಿಗೆ ನಡೆದಿತ್ತು. ಬಿರುಗಾಳಿಗೆ ಸಿಕ್ಕ ಹಡಗಿನ ಕಥೆ ಒಂದು, ಜೇನು ಸಾಕುವ ಬಗೆ ತಿಳಿಸುವುದು ಇನ್ನೊಂದು. ಹಾಡಿಕೊಂಡು ಮೇಜು ಸುತ್ತುತ್ತಿದ್ದ ತಂಗಿ ಗುಡ್ಡೆ ತಪ್ಪಿದಳು. ಹೊಲಿದು, ರಟ್ಟು ಹಾಕಿ, ಭಾರದಡಿ ಒಣಗಿಸಿ ತೆಗೆದ ಮೇಲೆ ನೋಡಿದರೆ, ಹಾಯಿಪಟ ಹರಿದು ಹಡಗು ವಾಲಿದ ಪುಟದ ಎದುರಿಗೇ ರಾಣಿನೊಣ ಸಾವಕಾಶವಾಗಿ ಮೊಟ್ಟೆ ಇಡುತ್ತಿತ್ತು! ತಂಗಿಯ ಮುಖ ಬಿಳಿಚಿತು. "ನನಗೆ ಪುಸ್ತಕವೇ ಆಗಿಬರಲ್ಲ. ಇನ್ನು ಮುಟ್ಟೋದೇ ಇಲ್ಲ" ಎಂದು ಬಿಕ್ಕಿದಳು. ದೊಡ್ಡಪ್ಪ ಆ ಪ್ರತಿಯನ್ನು ತಿರುವಿ ನೋಡಿ, ಅದರ ಬೆನ್ನು ಸವರಿ, ಅವಳ ಮಡಿಲಿಗೆ ಹಾಕಿದರು.

"ಇರಲಿ ಬಿಡು. ಇಂಥದ್ದು ಇನ್ನೆಲ್ಲೂ ಸಿಗಲ್ಲ. ನೀನೇ ಇಟ್ಕೋ."

ತನ್ನ ತಪ್ಪಿನಿಂದಲೇ ಹುಟ್ಟಿದ ಪುಸ್ತಕದ ಮೇಲೆ ಅವಳಿಗೆ ತಾಯಿಯ ಮಮತೆ ಬಂದಿತೋ ಏನೋ. ಕಾಗದದ ಚೂರುಗಳ ರಾಶಿಯ ಮೇಲೆ ಕೂತು, ಬೆರಳಿಟ್ಟು, ತುಟಿ ಕುಣಿಸುತ್ತ, ಹಡಗು ಎಲ್ಲಿಂದ ಹೊರಟಿತೆಂದು ಹುಡುಕತೊಡಗಿದಳು. ದೊಡ್ಡಪ್ಪ ತಕ್ಷಣ ಅವಳಿಗೆ ಬೆನ್ನು ಹಾಕಿ ಕೂತರು. ನೋಡಬೇಡವೆಂದು ನನಗೂ ಕಣ್ಣಿನಲ್ಲೇ ತಾಕೀತು ಮಾಡಿದರು. ಹಾಗೇ ಒಂದಷ್ಟು ದಿನ ಕಳೆದ ಮೇಲೆ ಅವಳು ಅವರ ತೋಳು ಹಿಡಿದು ಜಗ್ಗಿದಳು.

"ದೊಡ್ಡಪ್ಪ, ಹಡಗಿನ ಅಡುಗೆಯವನು ನೀರಿಗೆ ಬಿದ್ದ. ಆಮೇಲೆ ನೋಡಿದ್ರೆ ಬರೀ ಜೇನು. ಅವನು ಬದುಕಿದ್ನಾ?"

"ನನಗೇನು ಗೊತ್ತಮ್ಮ? ಕಟ್ಟೋದು ನನ್ನ ಕೆಲಸ, ಓದೋದಲ್ಲ. ನೀನು ಬಿಟ್ಟ ಫಾರಂ ಅಲ್ಲೇ ಇದೆ, ನೀನೇ ನೋಡಿ ಹೇಳು."

ಅವಳು ಗಟ್ಟಿಯಾಗಿ ಓದಿದಳು. ತೊದಲಿದಳು, ಎಡವಿದಳು, ಒಂದೆರಡು ಸಾಲು ನುಂಗಿಯೂ ಬಿಟ್ಟಳು. ದೊಡ್ಡಪ್ಪ ಒಮ್ಮೆಯೂ ತಿದ್ದಲಿಲ್ಲ, ಸೂಜಿ ನಿಲ್ಲಿಸಿ "ಹೌದಾ? ಆಮೇಲೆ?" ಎನ್ನುತ್ತಿದ್ದರು, ಅಷ್ಟೆ. ಅಡುಗೆಯವನ ಕೈಗೆ ಹಲಗೆಯೊಂದು ಸಿಕ್ಕಿದಾಗ ಅವರ ಕಣ್ಣು ತುಂಬಿತ್ತು. ನಮ್ಮನ್ನು ಕರೆದೊಯ್ಯಲು ಬಂದು ಬಾಗಿಲಲ್ಲೇ ನಿಂತುಬಿಟ್ಟಿದ್ದ ಅಮ್ಮನ ಕಣ್ಣೂ ತುಂಬಿತ್ತು. ಶಾಲೆ ತೆರೆದ ದಿನ ಮೇಷ್ಟರು ಕೇಳಿದ್ದು ಒಂದು ಪುಟ. ಸಾಕು ಎಂದರೂ ಇವಳು ನಿಲ್ಲಿಸಲಿಲ್ಲವಂತೆ.

ದೊಡ್ಡಪ್ಪ ಓದದವರೇ? ಅಂಗಡಿ ತೆರೆಯುವ ಮುನ್ನ, ಕಿಟಕಿಯಿಂದ ಮೊದಲ ಬೆಳಕು ಬೀಳುವ ಹೊತ್ತಿನಲ್ಲಿ, ಬಂದ ಫಾರಂಗಳನ್ನೆಲ್ಲ ಮೂಗಿನ ಹತ್ತಿರ ಹಿಡಿದು ಓದಿ ಮುಗಿಸುತ್ತಿದ್ದುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಹಡಗಿನ ಕಥೆಗಂತೂ ಅವರ ಚಹಾ ಆರಿ ತಣ್ಣಗಾಗಿತ್ತು. ಅಡುಗೆಯವನು ಬದುಕುತ್ತಾನೆಂದು ಅವರಿಗೆ ಚೆನ್ನಾಗಿಯೇ ಗೊತ್ತಿತ್ತು. ಅಂದು ಕಣ್ಣು ತುಂಬಿದ್ದು ಅವನಿಗಾಗಿ ಅಲ್ಲ.

ಅವರು ಹೋಗಿ ಬಹಳ ಕಾಲವಾಯಿತು. ತಂಗಿ ತನ್ನ ಮಕ್ಕಳ ಪುಸ್ತಕಗಳ ನಡುವೆ ಕೂತು ಇಂದಿಗೂ ನಿಟ್ಟುಸಿರಿಡುತ್ತಾಳೆ: "ಪಾಪ ದೊಡ್ಡಪ್ಪ! ಅಷ್ಟೊಂದು ಪುಸ್ತಕ ಕಟ್ಟಿದ್ರು, ಒಂದನ್ನೂ ಓದ್ಲಿಲ್ಲ. ನಾನು ಓದಿ ಹೇಳಿದ್ದಷ್ಟೇ ಅವರಿಗೆ ದಕ್ಕಿದ್ದು." "ಇರಲಿ ಬಿಡು" ಎನ್ನುತ್ತೇನೆ ನಾನು. ಮಕ್ಕಳಿಗೆ ಓದಿನ ರುಚಿ ಹತ್ತಿಸುವವರಲ್ಲಿ ತಾವು ಬಲ್ಲದ್ದನ್ನೆಲ್ಲ ಅವರ ಮುಂದೆ ಹರಡುವ ಪಂಡಿತರಿದ್ದಾರೆ, ಅವರಿಗೆ ನನ್ನ ನಮಸ್ಕಾರ. ಆದರೆ ಕಥೆಯ ಕೊನೆಯನ್ನು ಮಗುವೇ ಮೊದಲು ಮುಟ್ಟಲೆಂದು ತಾವು ಏನೂ ಅರಿಯದವರೆನಿಸಿಕೊಂಡು, ಆ ಮಗುವಿನ ಕನಿಕರವನ್ನು ಕೊನೆಯುಸಿರಿನವರೆಗೂ ಸಂತೋಷವಾಗಿ ಹೊತ್ತು ನಡೆಯುವವರ ಕುಲವೊಂದಿದೆ. ನಮ್ಮ ದೊಡ್ಡಪ್ಪ ಆ ಕುಲದವರು.