ಆಚೆ ದಂಡೆಯ ಬೆಂಕಿ

ಶಹಾಪುರದ ಕಿರಾಣಿ ಅಂಗಡಿಯ ನಾಗಣ್ಣ ಸಾವ್ಕಾರರು ಸಮುದ್ರದ ದಂಡೆಯಲ್ಲಿ ಕಿರಾಯಿಗೆ ಮನೆ ಹಿಡಿಯುತ್ತಾರಂತೆ ಎಂಬ ಸುದ್ದಿ ಅಂಗಡಿಕಟ್ಟೆಗೆ ಕೂಡುವವರಿಗೆಲ್ಲ ಹೊತ್ತು ಕಳೆಯುವ ಮಾತಾಗಿತ್ತು. ರಾಜ್ಯ ಒಂದಾಗಿ ಇನ್ನೂ ಎರಡು ತಿಂಗಳು ತುಂಬಿರಲಿಲ್ಲ. ನಿಜಾಮನ ಕಾಲದಲ್ಲಿ ಹೆಸರಷ್ಟೇ ಕೇಳಿದ್ದ ಕಾರವಾರ ಈಗ ನಮ್ಮದೇ ಎನ್ನುವಂತಾಗಿತ್ತು. ಸಾವ್ಕಾರರ ಹೆಂಡತಿ ಶಿವಬಸಮ್ಮನಿಗೆ ಉಬ್ಬಸ. ಒಂದು ತಿಂಗಳಾದರೂ ಸಮುದ್ರದ ಗಾಳಿಯಲ್ಲಿರಲಿ, ಆಡಿನ ಹಾಲು ಕುಡಿಯಲಿ ಎಂದು ಗುಲಬರ್ಗಾದ ಡಾಕ್ಟರು ಹೇಳಿದ್ದರು. ಗಾಳಿ ಕಾರವಾರದ್ದು, ಆಡು ಮಾತ್ರ ಶೇಖಮ್ಮನದು.

ಊರ ಹೊರಗಿನ ಕುರಿಹಟ್ಟಿಯಿಂದ ದಿನಾ ಸಾವ್ಕಾರರ ಮನೆಗೆ ಹಾಲು ಹಾಕುವವಳು ಅವಳೇ. ಆಡು ಹಿಡಿದುಕೊಂಡು ತಾನೂ ತನ್ನ ಗಂಡ ಮಲ್ಕಪ್ಪನೂ ಜೊತೆಗೆ ಬರುವುದೆಂದು ಮಾತಾಗಿತ್ತು. ಅವತ್ತು ಇಬ್ಬರೂ ಕಟ್ಟೆಯ ಕೆಳಗೆ ಕೂತಿದ್ದರು.

“ಮನಿ ಹೆಂಗದರಿ ಸಾವ್ಕಾರ್ರ?” ಎಂದಳು ಶೇಖಮ್ಮ.

“ತೆಂಗಿನ ತೋಟದಾಗ ಅದ. ಮೂರು ಖೋಲಿ, ಹಿಂದ ಒಂದು ಕೊಟ್ಟಿಗಿ. ಕೊಟ್ಟಿಗ್ಯಾಗ ನೀವು, ನಿಮ್ಮ ಆಡು. ಮೀನ ಬೇಯಿಸಿದ ಮನಿ ಬ್ಯಾಡಪ್ಪಾ ಅಂತ ಹುಬ್ಬಳ್ಳಿ ದಲಾಲಗ ಹೇಳಿದ್ರ, ‘ಹಂಗಾರ ನೀವು ಹುಬ್ಬಳ್ಳ್ಯಾಗ ಇರ್ರಿ ಸಾವ್ಕಾರ್ರ’ ಅಂದ ಆ ಮಗ. ಕಡೀಕ ಒಬ್ಬ ಭಟ್ಟರ ಮನಿ ಗೊತ್ತುಮಾಡ್ಯಾನ.”

“ಬಾಗಲ ಯಾ ಕಡಿಗಿ?”

“ಪಡುವಣಕ್ಕ. ನೀರಿನ ಕಡೀಗೇ.”

“ನಡುವ ಗಿಡ ಗಂಟಿ ಅಡ್ಡ ಅವೇನ್ರಿ?”

“ಕಿರಾಯಿ ಕೊಡಾಕಿ ನೀನಾ, ನಾನಾ? ಎಷ್ಟು ಸವಾಲ್ ಮಾಡ್ತಿ!”

ಒಳಗಿನಿಂದ ಶಿವಬಸಮ್ಮ ಕೆಮ್ಮುತ್ತಲೇ ನಕ್ಕಳು. “ಕೇಳ್ಲಿ ಬಿಡ್ರಿ. ನಾ ಕೇಳೋದು ಆಕಿ ಕೇಳಾಕತ್ತಾಳ.”

“ಒಂದ ಮಾತು,” ಎಂದರು ನಾಗಣ್ಣ. “ಸುತ್ತ ಎಲ್ಲ ತೆಂಗಿನ ಗರಿ ಹೊದಿಸಿದ ಮನಿ. ಕತ್ತಲಾದ ಮ್ಯಾಲ ಅಂಗಳದಾಗ ಬೆಂಕಿ ಹಾಕಬಾರ್ದು ಅಂತ ಮನಿ ಮಾಲಕ ಹೇಳ್ಯಾನ.”

ಶೇಖಮ್ಮ ಎದ್ದು ನಿಂತಳು. “ಅದಾಗಂಗಿಲ್ರಿ. ಅಂಗಳದಾಗ ಬ್ಯಾಡಂದ್ರ ನೀರಿನ ದಂಡಿಗಿ ಹೋಗಿ ಹಾಕತೀನಿ. ಕುಳ್ಳ ಸೈತ ತಟ್ಟಿ ಒಣಗಿಸಾಕತ್ತೀನಿ.”

“ಕಾರವಾರಕ್ಕ ಕುಳ್ಳ ಹೊತಗೊಂಡ ಹೋಗ್ತಿಯೇನವ್ವಾ?” ಕಟ್ಟೆಯ ಮೇಲೆ ಕೂತಿದ್ದ ಸೂಗಪ್ಪ ತೊಡೆ ತಟ್ಟಿಕೊಂಡ. “ಹಂಗೇ ಎರಡು ಕೊಡ ನೀರೂ ತಗೊಂಡ ಹೋಗು. ಸಮುದ್ರದಾಗ ಕಮ್ಮಿ ಬಿದ್ದಾವು!”

ಎಲ್ಲರೂ ನಕ್ಕರು. ಮಲ್ಕಪ್ಪ ನೆಲ ನೋಡಿದ. ಆ ಬೆಂಕಿ ಯಾರಿಗೆಂದು ಅವನಿಗೆ ಗೊತ್ತಿತ್ತು.

ಶೇಖಮ್ಮ ಹೆತ್ತ ಕೂಸು ಉಳಿದಿರಲಿಲ್ಲ. ಅದೇ ವಾರ ಹಳೇಪೇಟೆಯ ದರ್ಜಿಯ ಹೆಂಡತಿ ಗಂಡುಕೂಸು ಹೆತ್ತು ಕಣ್ಣು ಮುಚ್ಚಿದ್ದಳು. ಹಾಲು ತುಂಬಿ ಎದೆ ಕಟ್ಟಿಕೊಂಡು ನರಳುತ್ತಿದ್ದ ಶೇಖಮ್ಮನ ಮಡಿಲಿಗೆ ದರ್ಜಿ ತನ್ನ ಕೂಸನ್ನು ತಂದು ಹಾಕಿದ. ಯೂನುಸ ಅವಳ ಹಾಲು ಕುಡಿದು, ಹಟ್ಟಿಯ ಕಂಬಳಿಯಲ್ಲೇ ಮಲಗಿ ಬೆಳೆದ. ನಿಜಾಮನ ಮೇಲೆ ಪೋಲೀಸ್ ಆಕ್ಷನ್ ಆದ ವರ್ಷ, ಒಬ್ಬರ ಮುಖ ಒಬ್ಬರು ನೋಡಲು ಹೆದರುತ್ತಿದ್ದ ದಿನಗಳಲ್ಲಿ, ದರ್ಜಿ ಮಗನ ಕೈ ಹಿಡಿದು ಊರು ಬಿಟ್ಟ. ಮುಂಬಯಿಯಲ್ಲಿ ಹಡಗು ಹತ್ತಿ, ಸಮುದ್ರದ ಆಚೆ ದಂಡೆಯ ಕರಾಚಿಯಲ್ಲಿ ಇಳಿದರಂತೆ ಎಂದು ಯಾರೋ ಬಾಯಿಮಾತು ತಂದರು. ಮುಂದೆ ಸುದ್ದಿಯೇ ಇಲ್ಲ.

ಆಚೆ ದಂಡೆಯೆಂದರೆ ಏನೆಂದು ಕುರಿ ಕಾಯುವವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕುರಿ ಹೊಡೆದುಕೊಂಡು ಭೀಮೆ ದಾಟಿ ಹೋದವರು ಹೊಳೆ ತುಂಬಿ ಬಂದು ಅಲ್ಲೇ ಸಿಕ್ಕಿಕೊಂಡರೆ, ಹೊತ್ತು ಮುಳುಗಿದ ಮೇಲೆ ದಂಡೆಗೆ ಬಂದು ಬೆಂಕಿ ಹಾಕುತ್ತಾರೆ. ಅದನ್ನು ಕಂಡು ಮನೆಯವರು ಈಚೆ ದಂಡೆಯಲ್ಲಿ ಒಂದು ಬೆಂಕಿ ಹಾಕಬೇಕು. ಬದುಕಿದ್ದೇವೆ; ನಾವೂ ಬದುಕಿದ್ದೇವೆ. ಇಷ್ಟೇ ಮಾತು. ಉತ್ತರವಾಗಿ ಈಚೆ ಬೆಂಕಿ ಕಾಣದಿದ್ದರೆ ಆಚೆಯವರು ತಲೆಯ ಮೇಲೆ ಕೈಹೊತ್ತು ಕೂರುತ್ತಾರೆ, ಮನೆಯಲ್ಲಿ ಯಾರೂ ಉಳಿದಿಲ್ಲವೆಂದು. ಯೂನುಸ ಒಮ್ಮೆ ಮಲ್ಕಪ್ಪನೊಂದಿಗೆ ಹಾಗೆ ಆಚೆ ಸಿಕ್ಕಿಕೊಂಡಿದ್ದ. ಈಚೆಯ ಬೆಂಕಿ ಕಂಡದ್ದೇ ತಡ, “ಯವ್ವ ಹಚ್ಯಾಳ! ಯವ್ವ ಹಚ್ಯಾಳ!” ಎಂದು ಕೆಸರಿನಲ್ಲಿ ಕುಣಿದಿದ್ದ.

ಕಾರವಾರದ ಮಾತು ಎದ್ದಾಗಿನಿಂದ ಶೇಖಮ್ಮ ಬೇರೆ ಹೆಂಗಸೇ ಆಗಿದ್ದಳು. ತಲೆಗೆ ಎಣ್ಣೆ ಹಚ್ಚುತ್ತಿದ್ದಳು, ಕುರಿಗಳ ಜೊತೆ ಮಾತಾಡುತ್ತಿದ್ದಳು. ಹೀಗಿರುವಾಗ ಲಾರಿ ಓಡಿಸುವ ಅಂಬಣ್ಣ ಮುಂಬಯಿಗೆ ಶೇಂಗಾ ಇಳಿಸಿ ಬಂದ. ಸಮುದ್ರ ಹೇಗಿದೆಯೆಂದು ಮಲ್ಕಪ್ಪ ಸುಮ್ಮನೆ ಕೇಳಿದ್ದ.

“ಆಚೆ ದಂಡಿ ಎಲ್ಲಿ ಬಂತೋ ಕಾಕಾ? ನೀರು ಹೋಗಿ ಆಕಾಶಕ್ಕ ಹತ್ತಿಬಿಟ್ಟದ! ಹಡಗ ಹಗಲೂ ರಾತ್ರಿ ನಡೀಬೇಕಂತ.”

ಆ ಮಾತನ್ನು ಮಲ್ಕಪ್ಪ ಹೊಟ್ಟೆಯಲ್ಲೇ ಇಟ್ಟುಕೊಂಡು ತಿರುಗುತ್ತಿದ್ದ. ಇವತ್ತು ಕಟ್ಟೆಯ ಮೇಲಿನ ನಗೆ ಕೇಳಿದ ಮೇಲೆ, ಅಷ್ಟು ದೂರ ಹೋಗಿ ಆ ನೀರಿನ ಎದುರು ಅವಳು ಒಬ್ಬಳೇ ನಿಂತು ಇದನ್ನು ತಿಳಿಯುವುದು ಬೇಡ ಅನಿಸಿತು.

ಹಟ್ಟಿಗೆ ಬಂದಾಗ ಹೊತ್ತು ಇಳಿದಿತ್ತು. ಶೇಖಮ್ಮ ಗೋಡೆಗೆ ಬಡಿದಿದ್ದ ಕುಳ್ಳು ಕಿತ್ತು ಚೀಲಕ್ಕೆ ತುಂಬುತ್ತಿದ್ದಳು.

“ಕುಳ್ಳ ಬಿಡು,” ಎಂದ ಮಲ್ಕಪ್ಪ.

“ಯಾಕ?”

“ಅಲ್ಲಿ ಆಚೆ ದಂಡಿ ಕಾಣಂಗಿಲ್ಲಂತ. ಅಂಬಣ್ಣ ಮುಂಬಯ್ಯಾಗ ಕಣ್ಣಾರೆ ನೋಡಿ ಬಂದಾನ.”

“ಹಗಲಾಗ ನೋಡಿರ್ತಾನ. ಭೀಮಿ ತುಂಬಿದಾಗ ಹಗಲಾಗ ನಮಗರೆ ಏನ ಕಾಣತಿತ್ತು? ಬೆಂಕಿ ಕಾಣಬೇಕಂದ್ರ ಕತ್ತಲಾಗಬೇಕು.”

ಅಲ್ಲಿಗೇ ಬಿಡಬಹುದಿತ್ತು. ಅವಳ ಕೈ ಮತ್ತೆ ಕುಳ್ಳಿನ ಮೇಲೆ ಹೋಗಿತ್ತು.

“ಕತ್ತಲಾದರೂ ಕಾಣಂಗಿಲ್ಲ ಶೇಖಿ. ಅದು ಹೊಳಿ ಅಲ್ಲ. ಹಡಗ ಹಗಲೂ ರಾತ್ರಿ ನಡದರ ಹೋಗಿ ಮುಟ್ಟತದಂತ.”

ಶೇಖಮ್ಮ ಚೀಲದ ಬಾಯಿ ಹಿಡಿದೇ ಕೂತಳು. ಕುರಿಗಳು ಹಟ್ಟಿಯೊಳಗೆ ಒಂದನ್ನೊಂದು ತಳ್ಳಿ ಜಾಗ ಮಾಡಿಕೊಂಡು ಮಲಗಿದವು. ಕೊನೆಗೆ ಕೇಳಿದಳು:

“ಹಂಗಾರ ಅಂವ?”

“ಏನು?”

“ಅಂವ ಅಲ್ಲಿ ಬೆಂಕಿ ಹಾಕಿರ್ತಾನಲ್ಲ. ಹಾಕದ ಬಿಡೋ ಹುಡುಗೇನು ಅಂವ? ಈ ಕಡಿಂದ ಒಂದರೆ ಬೆಂಕಿ ಕಾಣಲಿಲ್ಲಂದ್ರ, ನಾವು ಏನಾಗೀವಿ ಅಂತ ತಿಳಕೊಂಡಿರ್ತಾನ?”

ಉತ್ತರ ಮಲ್ಕಪ್ಪನಿಗೆ ಗೊತ್ತಿತ್ತು. ಭೀಮೆಯ ದಂಡೆಯಲ್ಲಿ ಅದನ್ನು ಹುಡುಗನಿಗೆ ಕಲಿಸಿದವನು ಅವನೇ.

“ದೊಡ್ಡಾಂವ ಆಗ್ಯಾನ. ಸಮುದ್ರ ಅಂದ್ರ ಏನಂತ ಅವಗ ತಿಳಿದಿರ್ತದ ಬಿಡು.”

“ಯಾರು ಹೇಳ್ಯಾರ ಅವಗ? ನಿನಗರೆ ಮೊನ್ನಿ ತಿಳೀತು.”

ಸಾವ್ಕಾರರು ಹೊರಡುವ ದಿನ ಶೇಖಮ್ಮ ಆಡನ್ನೂ ಅದರ ಮರಿಯನ್ನೂ ಒಪ್ಪಿಸಿ ಹೋಗಲೆಂದು ಹಿಡಿದುಕೊಂಡು ಮೋಟಾರು ನಿಲ್ಲುವಲ್ಲಿಗೆ ಬಂದಳು. ಮರಿ ಯಾಕೆಂದು ನಾಗಣ್ಣ ತಕರಾರು ತೆಗೆದರು. ಯಾದಗಿರಿಯ ತನಕ ಮೋಟಾರು, ಹುಬ್ಬಳ್ಳಿಯ ತನಕ ರೈಲು, ಮತ್ತೆ ಮೋಟಾರು. ಆಡು ಒಂದನ್ನು ಒಯ್ಯುವುದೇ ಹೆಚ್ಚು.

“ಮರಿ ಬಿಟ್ಟು ಒಯ್ಯಬ್ಯಾಡ್ರಿ ಸಾವ್ಕಾರ್ರ. ಮರಿ ಕಾಣಲಿಲ್ಲಂದ್ರ ಅದು ಹಾಲ ಬಿಡಂಗಿಲ್ಲ.”

ಶಾಲು ಹೊದ್ದು ಕೂತಿದ್ದ ಶಿವಬಸಮ್ಮ ಕಿಟಕಿಯಿಂದ ಬಗ್ಗಿದಳು. “ಪಡುವಣ ಬಾಗಲಾ ಬೇಕು ಅಂತಿದ್ದಿ, ಈಗ ನೀನೇ ಬರವಲ್ಲಿ?”

“ಕುರಿ ಈಯೋ ಕಾಲರಿ ಅಕ್ಕಾರ.”

ಶಿವಬಸಮ್ಮ ಅವಳ ಮುಖವನ್ನೇ ನೋಡಿದಳು. ಯೂನುಸನನ್ನು ಅವಳೂ ಎತ್ತಿ ಆಡಿಸಿದ್ದಳು. “ಅಲ್ಲಿ ನಾ ಏನರೆ ಮಾಡಬೇಕೇನವ್ವಾ?” ಎಂದು ಮೆಲ್ಲಗೆ ಕೇಳಿದಳು.

ಶೇಖಮ್ಮನ ತುಟಿ ಅಲುಗಿತು. “ಹಾಲ ಹಸೀದು ಕುಡೀಬ್ಯಾಡ್ರಿ,” ಎಂದಳು. “ಕಾಸಿ ಕುಡೀರಿ.”

ಅವತ್ತು ಸಂಜೆ ಅವಳು ಚೀಲ ಬಿಚ್ಚಿ ಅದೇ ಕುಳ್ಳು ಒಲೆಗಿಟ್ಟು ರೊಟ್ಟಿ ಬಡಿದಳು. ಚೆನ್ನಾಗಿ ಬಿಸಿಲು ಕುಡಿದ ಕುಳ್ಳು, ಹೊಗೆಯಿಲ್ಲದೆ ಹೊತ್ತಿಕೊಂಡಿತು. ಮಲ್ಕಪ್ಪ ಎದುರಿಗೆ ಕೂತು ತಿಂದ. ಒಲೆಯ ಬೆಳಕು ಹೊಸ್ತಿಲು ದಾಟಿ ಅಂಗಳದಲ್ಲಿ ಉದ್ದಕ್ಕೆ ಬಿದ್ದಿತ್ತು.

“ಛಲೋ ಒಣಗಿದ್ವು,” ಎಂದಳು ಶೇಖಮ್ಮ. ಆಮೇಲೆ ಎದ್ದು ಹೋಗಿ, ಅಂಗಳಕ್ಕೆ ಬಿದ್ದ ಬೆಳಕು ಮರೆಯಾಗುವಂತೆ ಬಾಗಿಲು ಮುಂದೆ ಮಾಡಿದಳು.