ತೊಳೆದ ಇಟ್ಟಿಗೆಗಳು

"ಅಕ್ಕಾ, ಈ ಇಟ್ಟಿಗೆ ಯಾರು ತೊಳೆದಿದ್ದು?"

ತಮ್ಮ ಬಚ್ಚಲುಮನೆಯ ಬಾಗಿಲಲ್ಲಿ ನಿಂತು ಕೇಳಿದ. ದನಿ ಏರಿರಲಿಲ್ಲ, ಅದಕ್ಕೇ ಏನೋ ಎಡವಟ್ಟಾಗಿದೆ ಎಂದು ಅಕ್ಕನಿಗೆ ಗೊತ್ತಾಯಿತು. ಕಿಟಕಿಕಟ್ಟೆಯ ಮೇಲೆ, ಗಾಜಿನ ಮುಚ್ಚಳದ ಕೆಳಗೆ, ಇಟ್ಟಿಗೆಗಳು ಈಗಷ್ಟೇ ಗೂಡಿನಿಂದ ತೆಗೆದಂತೆ ಕೆಂಪಗಿದ್ದವು. ಬೆಳಿಗ್ಗೆಯೆಲ್ಲ ಬಚ್ಚಲಲ್ಲಿ ಕೂತು ಹಳೆಯ ಬ್ರಷ್ಷು, ಸೋಪಿನ ನೀರು ಹಿಡಿದು ತಿಕ್ಕಿ ತಿಕ್ಕಿ ಅವಳ ಬೆರಳುಗಳು ಸುಕ್ಕುಗಟ್ಟಿದ್ದವು. ಭೇಷ್ ಅನ್ನಿಸಿಕೊಳ್ಳುವ ಆಸೆಯಿಂದಲೇ ತಿಕ್ಕಿದ್ದಳು, ಪಾಪ.

"ನಾನೇ ಕಣೋ. ಪಾಚಿ ಕಟ್ಟಿತ್ತು. ಒಳಗಿರೋ ಬೀಜಕ್ಕೆ ಉಸಿರು ಕಟ್ಟಬಾರದು ಅಂತ..."

ತಮ್ಮ ಅಲ್ಲೇ ಹೊಸ್ತಿಲ ಮೇಲೆ ಕೂತ.

ಸಸ್ಯತೋಟದಲ್ಲಿ ಜರಿಗಿಡಗಳ, ಅಂದರೆ ಫರ್ನ್‌ಗಳ, ಗಾಜಿನ ಮನೆ ನೋಡಿಕೊಳ್ಳುವವನು ಅವನು. ಸದಾ ಒದ್ದೆ ಕೈ, ಒದ್ದೆ ಕಾಲು. ಜೊತೆಯವರು ತೇವಪ್ಪ ಎಂದೇ ಹೆಸರಿಟ್ಟಿದ್ದರು. ಅಲ್ಲಿದ್ದ ಒಂದು ಜರಿಗಿಡ ಬೇಸಿಗೆಯಲ್ಲಿ ಬೇರು ಕೊಳೆತು ಸತ್ತಿತು. ಆ ಜಾತಿಯದು ಬೇರೆಲ್ಲೂ ಉಳಿದಿರಲಿಲ್ಲ. ಅದನ್ನು ತಂದಿದ್ದ ಬೆಟ್ಟವೇ ಈಗ ಕಲ್ಲುಗಣಿ. ಸಾಯುವ ಮುನ್ನ ಅದರ ಎಲೆಯಡಿಯ ಕಂದು ಚುಕ್ಕೆಗಳಿಂದ ಉದುರಿದ ಪುಡಿಯಷ್ಟನ್ನೂ ತಮ್ಮ, ಬೇರೇನೂ ಬೆಳೆಯದಿರಲೆಂದು ಕುದಿನೀರಲ್ಲಿ ಅದ್ದಿ ತೆಗೆದ ಇಟ್ಟಿಗೆಗಳ ಮೇಲೆ ಹಾಕಿದ್ದ. ಗಾಜಿನ ಮನೆಯ ಮಾಡು ರಿಪೇರಿಗೆ ಬಂದಾಗ ಅವನ್ನು ಮಗುವಿನಂತೆ ಎತ್ತಿಕೊಂಡು ಮನೆಗೆ ತಂದ. ಒಣಗದ ಹಾಗೆ ನೋಡಿಕೋ ಎಂದು ಅಕ್ಕನಿಗೆ ಹೇಳಿದ್ದ. ತೊಳೆಯಬೇಡ ಎಂದು ಹೇಳಿರಲಿಲ್ಲ. ಇಟ್ಟಿಗೆಯನ್ನು ತೊಳೆಯುವವರೂ ಇರುತ್ತಾರೆಂದು ಯಾರು ಕನಸು ಕಂಡಿದ್ದರು?

ಗಂಡ ಹೋದ ಮೇಲೆ ತಮ್ಮನ ಮನೆ ಸೇರಿದವಳು ಅಕ್ಕ. ಕೂತು ಉಣ್ಣುವುದು ಅವಳ ಜಾಯಮಾನವಲ್ಲ. ಇಟ್ಟಿಗೆಗಳಿಗೆ ಹೊತ್ತುಹೊತ್ತಿಗೂ ನೀರು ಚಿಮುಕಿಸುತ್ತ, ಕಾಳು ಮೊಳೆತ ಹಾಗೆ ಎರಡೆಲೆ ಯಾವಾಗ ಏಳುತ್ತದೋ ಎಂದು ಕಾದಳು. ಎದ್ದದ್ದು ಒಂದು ಹಸಿರು ಪೊರೆ. ಬೀಜ ಇನ್ನೂ ಅಡಿಯಲ್ಲಿದೆ, ಇದು ಕಳೆ ಎಂದುಕೊಂಡಳು. ಕಳೆ ಕಂಡರೆ ಅವಳ ಕೈ ಸುಮ್ಮನಿರುವುದಿಲ್ಲ.

"ಅದು ಪಾಚಿ ಅಲ್ಲ ಅಕ್ಕ," ತಮ್ಮ ಹೇಳಿದ. "ಅದೇ ಗಿಡ."

ಆಮೇಲೆ ನೆಲ ನೋಡುತ್ತ ವಿವರಿಸಿದ. ಬೀಜವೆಂದರೆ ತಾಯಿ ಮಗುವಿಗೆ ಹೊದಿಕೆ ಹೊದಿಸಿ, ಬುತ್ತಿ ಕಟ್ಟಿ ಕಳಿಸಿದ ಹಾಗೆ. ಒಳಗೆ ಪುಟ್ಟ ಗಿಡ ಆಗಲೇ ಮಲಗಿರುತ್ತದೆ. ಜರಿಗಿಡಕ್ಕೆ ಆ ಭಾಗ್ಯವಿಲ್ಲ. ಹೂವಿಲ್ಲ, ಕಾಯಿಲ್ಲ, ಬೀಜವಿಲ್ಲ, ಬರೀ ಪುಡಿ. ಆ ಪುಡಿ ಮೊದಲು ಉಗುರಿಗಿಂತ ಚಿಕ್ಕ ಹಸಿರು ಚೂರಾಗಬೇಕು. ಚೂರಿನ ಅಡಿಯ ತೇವದಲ್ಲಿ ಗಂಡುಕಣ ಈಜಿಕೊಂಡು ಹೋಗಿ ಹೆಣ್ಣನ್ನು ಸೇರಬೇಕು. ಅಲ್ಲಿಂದ ನಿಜವಾದ ಜರಿಗಿಡ ಏಳಬೇಕು. ಇನ್ನೇನು ಏಳುವುದರಲ್ಲಿತ್ತು.

"ಆ ಪುಡಿ ಇನ್ನೊಂದು ಚಿಟಿಕೆ ಇಲ್ಲವೇನೋ?"

"ಇಲ್ಲ."

ನನ್ನ ಕೈಗೆ ಬೆಂಕಿ ಬೀಳ, ಅಂದುಕೊಂಡಳು ಅಕ್ಕ. ತಮ್ಮ ನಾಲ್ಕು ಮಾತು ಬೈದಿದ್ದರೆ ಬದುಕಿಕೊಳ್ಳುತ್ತಿದ್ದಳು. ಅವನು ಬೈಯಲಿಲ್ಲ. ಅವಳು ಸೆರಗು ಸಿಕ್ಕಿಸಿ ಮೊಣಕಾಲೂರಿ, ಬಚ್ಚಲ ತೂಬಿನ ಜಾಲರಿ ಕಿತ್ತು, ಒಳಗಿನ ಕಸವನ್ನೆಲ್ಲ ಚಮಚದಲ್ಲಿ ಬಳಿದು ತಟ್ಟೆಗೆ ಹಾಕಿದಳು. ಕೂದಲು, ಸೋಪಿನ ಲೋಳೆ, ಇಟ್ಟಿಗೆಯ ಹುಡಿ. ಮೇಲೆ ಒಳ್ಳೆಯ ನೀರು ಹೊಯ್ದಳು, ಬಗ್ಗಿಸಿದಳು, ಮತ್ತೆ ಹೊಯ್ದಳು. ಸೋಪು ತಾಗಿದ ಮೇಲೆ ಅದು ಉಳಿಯುವುದಿಲ್ಲ, ಬಿಡು ಎಂದು ತಮ್ಮ ಹೇಳಿದ್ದು ಅವಳ ಕಿವಿಗೇ ಬೀಳಲಿಲ್ಲ. ಸೂಜಿ ತಂದು ಹಸಿರಾಗಿ ಕಂಡದ್ದನ್ನೆಲ್ಲ ಒಂದೊಂದಾಗಿ ಎತ್ತತೊಡಗಿದಳು. ಬೇರೆ ದಾರಿಯಿಲ್ಲದೆ ತಮ್ಮ ಜೇಬಿನಿಂದ ಭೂತಗನ್ನಡಿ ತೆಗೆದ.

"ಇದು?"

"ಪಾಚಿ."

"ಇದು?"

ಅವನು ಬಹಳ ಹೊತ್ತು ನೋಡಿದ. "ಇದು ಅದೇ. ಬಿಳಿಚಿಕೊಂಡುಬಿಟ್ಟಿದೆ. ಸತ್ತಿದೆ ಅಕ್ಕ."

ಅಕ್ಕ ಸಿಕ್ಕಿದ್ದನ್ನೆಲ್ಲ ತೋರಿಸಿದಳು. ಹರಿದದ್ದು, ಸತ್ತದ್ದು, ಸೋಪಿನ ಚೂರು, ಬಟ್ಟೆಯ ಎಳೆ. ಕಿಟಕಿಯ ಬೆಳಕು ಇಳಿಯುತ್ತ ಬಂತು. ತಟ್ಟೆಯಲ್ಲಿ ಕೆಂಪು ನೀರಷ್ಟೇ ಉಳಿಯಿತು. ಏಳು, ಸಾಕು ಎಂದ ತಮ್ಮ. ಅವಳು ಏಳಲಿಲ್ಲ. ತೂಬಿನ ಗೋಡೆಗೆ ಸೂಜಿಯಾಡಿಸಿ, ತುದಿಯಲ್ಲಿ ಏನನ್ನೋ ಎತ್ತಿ ಅವನ ಮುಖದ ಮುಂದೆ ಹಿಡಿದಳು.

"ಇದೊಂದು ನೋಡೋ."

ತಮ್ಮ ಅವಳ ಮಣಿಕಟ್ಟನ್ನು ಅಲುಗದಂತೆ ಹಿಡಿದುಕೊಂಡು, ಭೂತಗನ್ನಡಿಗೆ ಕಣ್ಣಿಟ್ಟ.